ಎದೆ ಡವಡವ, ನಿದ್ದೆ ಇಲ್ಲ: ಮನೆಯಲ್ಲೇ ಬಯೋಫೀಡ್‌ಬ್ಯಾಕ್ ಮಾಡಬಹುದಾ ಎಂದವರಿಗೆ

ಮುಳಬಾಗಿಲಿನ ಅಣ್ಣ, ಟೊಮೆಟೊ ಬಾಕ್ಸ್ ಮಂಡಿಗೆ ಹೋದ ದಿನ ಎದೆ ಡವಡವ ಅನ್ನುತ್ತೆ, ಕೈ ತಣ್ಣಗಾಗುತ್ತೆ, ರಾತ್ರಿ ನಿದ್ದೆ ಹತ್ತಲ್ಲ, ಇಸಿಜಿ ಸರಿಯಿದೆ ಅಂದಿದ್ದಾರೆ, ಬಯೋಫೀಡ್‌ಬ್ಯಾಕ್ ಮನೇಲೇ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ಅದಕ್ಕೂ ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್ ಎರಡೂ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಹೆಚ್ಚಿದ್ದರೂ, ರಕ್ತ ಕಡಿಮೆ ಇದ್ದರೂ ಎದೆ ಹೀಗೇ ಹೊಡೆದುಕೊಳ್ಳುತ್ತೆ.

ಬಯೋಫೀಡ್‌ಬ್ಯಾಕ್ ಅಂದರೆ ದೇಹದೊಳಗೆ ನಡೆಯೋದನ್ನ ಮೀಟರಿನಲ್ಲಿ ನೋಡ್ತಾ ಅದನ್ನ ಹದಕ್ಕೆ ತರೋದು ಕಲಿಯೋದು. ‘ನಿಧಾನ ಹೊಡ್ಕೋ’ ಅಂದರೆ ಹೃದಯ ಕೇಳಲ್ಲ. ಉಸಿರು ಮಾತ್ರ ನಮ್ಮ ಕೈಲಿದೆ. ಉಸಿರು ಎಳೆದಾಗ ನಾಡಿ ಸ್ವಲ್ಪ ಏರುತ್ತೆ, ಬಿಟ್ಟಾಗ ಮೆದುಳಿನಿಂದ ಹೃದಯಕ್ಕೆ ಬರೋ ವೇಗಸ್ ನರ ಬ್ರೇಕ್ ಹಾಕಿ ಇಳಿಸುತ್ತೆ. ನಿಮಿಷಕ್ಕೆ ಸುಮಾರು 6 ಉಸಿರಿಗೆ ಬಂದರೆ ಈ ಏರಿಳಿತ ತುಂಬಾ ಜನರಲ್ಲಿ ಅತಿ ದೊಡ್ಡದಾಗುತ್ತೆ. ನಾವು ಬೆಳೆಸಬೇಕಾಗಿರೋದು ಆ ಏರಿಳಿತವನ್ನ.

ಕೋವಿಡ್ ಕಾಲದಲ್ಲಿ ತಂದ ಪಲ್ಸ್ ಆಕ್ಸಿಮೀಟರ್ ಮನೇಲಿದ್ದರೆ ಅದೇ ಸಾಕು. ಆಮ್ಲಜನಕದ ಅಂಕಿ ಬಿಡಿ, ನಾಡಿಯ ಅಂಕಿ ನೋಡಿ. ಕೈ ತೊಳೆದು, ಬೆರಳು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಮಣ್ಣು, ಗೋರಂಟಿ ಬಣ್ಣ, ತಣ್ಣನೆ ಬೆರಳು ಇದ್ದರೆ ಅಂಕಿ ತಪ್ಪಬಹುದು. ಬೆನ್ನು ಆನಿಸಿ ಕೂತು, ಕೈ ತೊಡೆ ಮೇಲಿಟ್ಟು ಅಲ್ಲಾಡಿಸದೆ ಮೊದಲ 2 ನಿಮಿಷ ಸುಮ್ಮನೆ ನೋಡಿ. ಆಮೇಲೆ ಮೂಗಲ್ಲಿ 4 ಸೆಕೆಂಡು ಎಳೆದು, 6 ಸೆಕೆಂಡು ಬಿಡಿ. 10 ನಿಮಿಷ, ದಿನಕ್ಕೆ ಎರಡು ಸಲ. ಮೀಟರು ಕೆಲವು ಸೆಕೆಂಡಿನ ಸರಾಸರಿ ತೋರಿಸುತ್ತೆ, ಹಾಗಾಗಿ ಉಸಿರಿಗಿಂತ ಅಂಕಿ ಹಿಂದೆ ಬರುತ್ತೆ. ಅದು ಮೀಟರಿನ ದೋಷವಲ್ಲ. 72ರಿಂದ 80ರವರೆಗೆ ಹೋಗಿ ಬಂದರೆ ಒಳ್ಳೇದೇ. ವಯಸ್ಸಾದವರಲ್ಲಿ ಮೂರು ನಾಲ್ಕು ಅಂಕಿ ಆಡಿದರೂ ಸಾಕು. ಕೈಗಡಿಯಾರದ ‘ಸ್ಟ್ರೆಸ್ ಸ್ಕೋರ್’ ಈ ಅಭ್ಯಾಸಕ್ಕೆ ಬೇಡ, ಅದು ತೀರಾ ತಡವಾಗಿ ಬದಲಾಗುತ್ತೆ.

ಹೆಚ್ಚಿನವರು ಕೆಡಿಸಿಕೊಳ್ಳೋದು ಇಲ್ಲೇ: ನಿಧಾನ ಅಂದರೆ ಜಾಸ್ತಿ ಗಾಳಿ ಅಂದ್ಕೊಂಡು ಎದೆ ಉಬ್ಬಿಸಿ ಎಳೀತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತೆ, ತುಟಿ ಬೆರಳು ಜುಮ್ಮನ್ನುತ್ತೆ. ಹಾರ್ಟ್‌ಗೆ ಏನೋ ಆಯ್ತು ಅಂತ ಗಾಬರಿ ಇನ್ನಷ್ಟು ಏರುತ್ತೆ. ಜುಮ್ಮೆಂದರೆ ಅಭ್ಯಾಸ ನಿಲ್ಲಿಸಿ ಮಾಮೂಲಾಗಿ ಉಸಿರಾಡಿ. ಮುಂದಿನ ಸಲ ಎಳೆಯೋ ಗಾಳಿ ಕಡಿಮೆ ಮಾಡಿ; ಹೊಟ್ಟೆ ಮೆಲ್ಲಗೆ ಏಳಬೇಕು, ಭುಜ ಏಳಬಾರದು. 6 ಸೆಕೆಂಡು ಬಿಡೋದು ಕಷ್ಟ ಅನ್ನಿಸಿದರೆ 3 ಎಳೆದು 5 ಬಿಡೋದರಿಂದ ಶುರು ಮಾಡಿ.

ಕೈ ತಣ್ಣಗಾಗೋದಕ್ಕೆ ಬೇರೆ ದಾರಿ ಇದೆ. ಗಾಬರಿಯಲ್ಲಿ ಬೆರಳಿನ ಸಣ್ಣ ರಕ್ತನಾಳ ಬಿಗಿಯುತ್ತೆ, ಬಿಸಿ ಇಳಿಯುತ್ತೆ. ತಂತಿ ತುದಿಯಲ್ಲಿ ಸೆನ್ಸರ್ ಇರೋ ಡಿಜಿಟಲ್ ಥರ್ಮಾಮೀಟರ್ ತಗೊಂಡು, ಸೆನ್ಸರನ್ನ ಮಧ್ಯದ ಬೆರಳಿನ ಒಳಭಾಗಕ್ಕೆ ಪೇಪರ್ ಟೇಪಿನಿಂದ ಅಂಟಿಸಿ. ಸುತ್ತ ಬಿಗಿಯಾಗಿ ಸುತ್ತಬೇಡಿ, ರಕ್ತ ನಿಲ್ಲುತ್ತೆ. ಜ್ವರ ನೋಡೋ ಥರ್ಮಾಮೀಟರ್ ಆಗಲ್ಲ. ಅದು ಏರಿದ ಅಂಕಿಯಲ್ಲೇ ನಿಲ್ಲುತ್ತೆ, ಸಾಮಾನ್ಯವಾಗಿ 32 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತೋರಿಸಲ್ಲ. 5 ನಿಮಿಷ ಬಿಟ್ಟು ಅಂಕಿ ಬರೆದುಕೊಂಡು, ಉಸಿರಿನ ಜೊತೆ ಕೈ ಭಾರವಾಗಿ ಬೆಚ್ಚಗಾಗ್ತಿದೆ ಅನ್ನೋದನ್ನ ಗಮನಿಸಿ. 15 ನಿಮಿಷದಲ್ಲಿ ಒಂದೆರಡು ಡಿಗ್ರಿ ಏರಿದರೂ ಒಳ್ಳೆ ಪಾಠ. ಏರಲೇಬೇಕು ಅಂತ ಹಟ ಹಿಡಿದರೆ ಇಳಿಯುತ್ತೆ, ಇದನ್ನ ಕಣ್ಣಾರೆ ನೋಡ್ತೀರಿ. ಡಿಸೆಂಬರ್ ಬೆಳಗ್ಗೆ ನಮ್ಮ ಕಡೆ ಬೆರಳು ಚಳಿಗೇ ತಣ್ಣಗಿರುತ್ತೆ. ಆ ಅಂಕಿ ನಂಬಬೇಡಿ, ಮಧ್ಯಾಹ್ನ ಮಾಡಿ. ಅಭ್ಯಾಸಕ್ಕೆ ಮುಂಚೆ ಕನಿಷ್ಠ ಅರ್ಧ ಗಂಟೆ ಕಾಫಿ, ಬೀಡಿ ಬೇಡ. ನಿಕೋಟಿನ್ ಕೂಡ ಆ ರಕ್ತನಾಳಗಳನ್ನೇ ಬಿಗಿಸುತ್ತೆ.

ಮೊದಲ ಎರಡು ವಾರ ಮಂಡಿ ಇಲ್ಲದ ದಿನ, ಗಾಬರಿ ಇಲ್ಲದ ಹೊತ್ತಲ್ಲೇ ಮಾಡಿ. ರೇಟು ಬಿದ್ದ ದಿನವೇ ಮೊದಲ ಸಲ ಮಾಡಿದರೆ ಏನೂ ಹತ್ತಲ್ಲ. ಮೂರನೇ ವಾರದಿಂದ ನಾಡಿ ಎಷ್ಟಿರಬಹುದು ಅಂತ ಮೊದಲು ಊಹಿಸಿ, ಆಮೇಲೆ ಮೀಟರ್ ನೋಡಿ. ಊಹೆ ಹತ್ತಿರ ಬರ್ತಿದ್ದ ಹಾಗೆ ಮೀಟರ್ ಬಿಡ್ತಾ ಬನ್ನಿ. ಹರಾಜಿಗೆ ಮುಂಚೆ ಗಾಡಿಯಲ್ಲೇ ಕೂತು 2 ನಿಮಿಷ ಮಾಡೋ ಹಾಗಾಗಬೇಕು.

ನಾಡಿ ನಿಧಾನ ಮಾಡೋ ಪ್ರೊಪ್ರನೊಲಾಲ್ ಥರದ ಮಾತ್ರೆ ತಗೊಳ್ತಿದ್ದರೆ ನಾಡಿಯ ಅಂಕಿ ಕಡಿಮೆ ಇರಬಹುದು, ಅದಕ್ಕೆ ಮಾತ್ರೆ ಬಿಡಬೇಡಿ. ಪೇಸ್‌ಮೇಕರ್ ಇದ್ದವರು, ನಾಡಿ ತಾಳ ತಪ್ಪಿ ಹೊಡೆಯೋರು ವೈದ್ಯರನ್ನ ಕೇಳಿ ಬೆರಳಿನ ಬಿಸಿಯ ದಾರಿ ಹಿಡಿಯಲಿ. ಎದೆನೋವು ಭುಜ, ದವಡೆಗೆ ಹರಿದರೆ, ಬೆವರು ಕಿತ್ತು ಬಂದರೆ ಉಸಿರು ಎಣಿಸ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ಸಾಲದ ಯೋಚನೆಯಲ್ಲಿ ಬದುಕೇ ಬೇಡ ಅನ್ನಿಸಿದರೆ ಆ ಗಳಿಗೆಯಲ್ಲೇ ಮನೆಯವರಿಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡ್ತಾರೆ.

ಒಂದು ವಾರ ದಿನಾ ನಾಡಿಯ ಕೆಳಗಿನ ಅಂಕಿ, ಮೇಲಿನ ಅಂಕಿ, ಬೆರಳಿನ ಬಿಸಿ, ನಿದ್ದೆ ಎಷ್ಟು ಗಂಟೆ ಅಂತ ಬರೆದು ಇಲ್ಲೇ ಹಾಕಿ ಅಣ್ಣ. ಎಲ್ಲಿ ತಪ್ಪುತ್ತಿದೆ ಅನ್ನೋದು ಅದರಲ್ಲೇ ಗೊತ್ತಾಗುತ್ತೆ.