ಡಿಸೋಸಿಯೇಟಿವ್ ಸಮಸ್ಯೆ (ನೆನಪು, ಸುತ್ತಲಿನ ಅರಿವು ಅಥವಾ ತನ್ನದೇ ದೇಹದಿಂದ ಮನಸ್ಸು ಕಳಚಿಕೊಂಡಂತಾಗುವುದು) ಇರುವವರು ದಿನದಿನದ ಮನಸ್ಥಿತಿ ಬರೆದಿಡುವ ಮೂಡ್ ಟ್ರ್ಯಾಕಿಂಗ್ ಆ್ಯಪ್ ಬಳಸಬಹುದೇ?

ಬಳಸಬಹುದು, ಆದರೆ ಕಮ್ಮಿ ಬರೆಯಿರಿ. ಉದಾಹರಣೆಗೆ, ಶಿರಸಿಯಲ್ಲಿ ಬಸ್ ಹತ್ತಿದ್ದು ನೆನಪಿದೆ, ನಿದ್ದೆ ಬಂದಿರಲಿಲ್ಲ, ಆದರೂ ದೇವಿಮನೆ ಘಟ್ಟ ಇಳಿದದ್ದೇ ಗೊತ್ತಿಲ್ಲ, ನೋಡಿದರೆ ಕುಮಟಾ! ಇಂಥ ದಿನ ಹೊತ್ತು, ಜಾಗ, ಹಿಂದಿನ ರಾತ್ರಿಯ ನಿದ್ದೆ, ಇಷ್ಟು ಬರೆದರೆ ಸಾಕು. ಹಳೆಯ ನೋವಿನ ವಿವರ ಥೆರಪಿಸ್ಟ್ ಎದುರಿಗೇ ಸರಿ.

ಗಂಟೆಗೊಮ್ಮೆ 'ನಾನೀಗ ಸರಿ ಇದ್ದೀನಾ' ಅಂತ ನೋಡಿಕೊಳ್ಳುವುದರಿಂದ ಕಳವಳ ಜಾಸ್ತಿಯಾಗಬಹುದು. ಸುಮ್ನೆ ನೋಟಿಫಿಕೇಶನ್ ಬಂದ್ ಮಾಡಿ. ಆ್ಯಪ್‌ಗೆ ಲಾಕ್ ಹಾಕಿ. ನೀವೆಲ್ಲಿದ್ದೀರಿ ಎಂಬ ಲೊಕೇಶನ್ ನಂಬಿಕೆಯ ಒಬ್ಬರಿಗೆ ಕಂಡರೆ ಸಾಕು. ಮನೆಯವರದ್ದೇ ಭಯವಿದ್ದರೆ ಅವರಿಗೆ ಬೇಡ.

ಬರೆಯುವಾಗಲೇ ಕೈಕಾಲು ನಿಮ್ಮದಲ್ಲ ಅನಿಸಿತಾ? ಫೋನ್ ಕೆಳಗಿಡಿ. ತಣ್ಣೀರಲ್ಲಿ ಕೈ ತೊಳೆಯಿರಿ, ಎದುರಿಗೆ ಕಾಣುವ ಐದು ವಸ್ತುಗಳ ಹೆಸರು ಜೋರಾಗಿ ಹೇಳಿ. ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.