ಬ್ರಿಟನ್ನಿನ ಆರು ವಾರದ ರಜೆಯನ್ನು ಕಡಿಮೆ ಖರ್ಚಿನಲ್ಲಿ ಕಳೆಯುವ ಬಗೆ

ಜುಲೈ ಕೊನೆಗೆ ಮಂಡ್ಯದಿಂದ ಲಂಡನ್ನಿಗೆ ಹೊರಟಿರುವ ನೀವು, ಎಂಟು ಮತ್ತು ಐದು ವರ್ಷದ ಮಕ್ಕಳನ್ನು ಅಲ್ಲಿನ ಬೇಸಿಗೆ ರಜೆಯಲ್ಲಿ ಕೈಸುಟ್ಟುಕೊಳ್ಳದೆ ಹೇಗೆ ನಿಭಾಯಿಸುವುದೆಂದು ಕೇಳಿದ್ದೀರಿ. ನಾನು ಮೈಸೂರಿನವನಾದರೂ ಮಕ್ಕಳನ್ನು ಬೆಳೆಸಿದ್ದು ಅಲ್ಲಿಯೇ. ಸದ್ಯ ಊರಿಗೆ ಬಂದಿರುವುದರಿಂದ ಸಾವಧಾನವಾಗಿ ಉತ್ತರಿಸುತ್ತಿದ್ದೇನೆ.

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಮುಗಿಯುವ ಬೇಸಿಗೆ ರಜೆ ಇಂಗ್ಲೆಂಡಿನಲ್ಲಿ ಜುಲೈ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗೆ ಸುಮಾರು ಆರು ವಾರ ಇರುತ್ತದೆ. ಹಾಗಾಗಿ ನಿಮ್ಮ ಮಕ್ಕಳಿಗೆ ಈ ವರ್ಷ ಎರಡನೆಯ ರಜೆ ಸಿಗುತ್ತದೆ. ಆದರೆ ಈ ಬಾರಿ ಅಜ್ಜಿಯ ಮನೆಯೂ ಇಲ್ಲ, ಬೀದಿಯ ಗೆಳೆಯರೂ ಇಲ್ಲ. ಅಲ್ಲಿ ಹಣ ಸೋರುವುದು ಪ್ರವೇಶ ಶುಲ್ಕದಲ್ಲಿ ಎಂದು ಹೊಸಬರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಸೋರುವುದು ರೈಲಿನಲ್ಲಿ, ಹೋಟೆಲಿನ ಊಟದಲ್ಲಿ, ಮತ್ತು ಪ್ರತಿ ವಸ್ತುಸಂಗ್ರಹಾಲಯದ ಬಾಗಿಲಲ್ಲೇ ಇಟ್ಟಿರುವ ಆಟಿಕೆಯಂಗಡಿಯಲ್ಲಿ.

ಆದ್ದರಿಂದ ಮೊದಲು ನಡೆದು ಹೋಗುವಷ್ಟು ದೂರದಲ್ಲಿರುವುದನ್ನು ಬಳಸಿಕೊಳ್ಳಿ. ಮನೆ ಸಿಕ್ಕ ವಾರವೇ ಬಡಾವಣೆಯ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಮಕ್ಕಳನ್ನು ಸದಸ್ಯರನ್ನಾಗಿಸಿ, ಶುಲ್ಕವಿಲ್ಲ. ನಾಲ್ಕರಿಂದ ಹನ್ನೊಂದು ವರ್ಷದವರಿಗಾಗಿ 1999ರಿಂದ ನಡೆಯುತ್ತಿರುವ ‘ಸಮ್ಮರ್ ರೀಡಿಂಗ್ ಚಾಲೆಂಜ್’ ಕೂಡ ಉಚಿತ. ಓದಿದ ಪುಸ್ತಕಗಳಿಗೆ ಚಿಕ್ಕ ಚಿಕ್ಕ ಬಹುಮಾನ ಕೊಡುತ್ತಾರೆ. ಶಾಲೆ ತೆರೆಯುವ ಮೊದಲೇ ಅಲ್ಲಿನ ಇಂಗ್ಲಿಷ್ ಉಚ್ಚಾರಣೆ ಕಿವಿಗೆ ಬೀಳುವುದಕ್ಕೂ, ನೆರೆಹೊರೆಯ ತಾಯಂದಿರ ಪರಿಚಯವಾಗುವುದಕ್ಕೂ ಅದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ. ಇನ್ನು, ಜುಲೈ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ. ಕೆಲಸ ಮುಗಿಸಿ ಬಂದು, ಊಟ ಕಟ್ಟಿಕೊಂಡು ಪಾರ್ಕಿಗೆ ಹೋದರೂ ಎರಡು ಗಂಟೆ ಆಡಿಸುವಷ್ಟು ಬೆಳಕಿರುತ್ತದೆ. ಮಂಡ್ಯದ ಅಭ್ಯಾಸದಲ್ಲಿ ಏಳಕ್ಕೆಲ್ಲ ಬಾಗಿಲು ಹಾಕಿಕೊಂಡರೆ ಪುಕ್ಕಟೆ ಸಿಕ್ಕುವ ಸುಖವೊಂದು ಕೈತಪ್ಪುತ್ತದೆ.

ದೊಡ್ಡ ಸುತ್ತಾಟ ವಾರಕ್ಕೊಂದು ಸಾಕು. ಲಂಡನ್ನಿನ ಬಸ್ಸುಗಳಲ್ಲಿ ಹನ್ನೊಂದರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಟ್ಯೂಬ್ ಎಂಬ ಸುರಂಗ ರೈಲಿನಲ್ಲಿಯೂ ಟಿಕೆಟ್ ಪಡೆದ ಒಬ್ಬ ದೊಡ್ಡವರ ಜೊತೆ ಅಂಥ ನಾಲ್ವರು ಮಕ್ಕಳು ಉಚಿತವಾಗಿ ಹೋಗಬಹುದು. ನೀವು ಒಮ್ಮೆ ಬಸ್ಸಿಗೆ ಕಾರ್ಡಿನಲ್ಲಿ ಹಣ ಕೊಟ್ಟರೆ, ಅದೇ ಕಾರ್ಡಿನಲ್ಲಿ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಹತ್ತಿದರೂ ಮತ್ತೆ ಕೊಡಬೇಕಿಲ್ಲ. ಡಬ್ಬಲ್ ಡೆಕ್ಕರ್ ಬಸ್ಸಿನ ಮೇಲಿನ ಮುಂದಿನ ಸೀಟು ಸಿಕ್ಕಿದರೆ ಐದು ವರ್ಷದವನಿಗೆ ಬೇರೆ ಮನರಂಜನೆ ಬೇಕಾಗದು. ಸೌತ್ ಕೆನ್ಸಿಂಗ್ಟನ್ನಿನಲ್ಲಿ ಅಕ್ಕಪಕ್ಕದಲ್ಲಿರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಮತ್ತು ಸೈನ್ಸ್ ಮ್ಯೂಸಿಯಂ ಎರಡಕ್ಕೂ ಪ್ರವೇಶ ಉಚಿತ. ಮೈಸೂರಿನ ರೈಲು ವಸ್ತುಸಂಗ್ರಹಾಲಯವನ್ನು ನೋಡಿರುವ ಮಕ್ಕಳಾದರೆ, ಸೈನ್ಸ್ ಮ್ಯೂಸಿಯಮ್ಮಿನಲ್ಲಿ ಇಂದಿಗೂ ಉಳಿದಿರುವ ಉಗಿಬಂಡಿಗಳಲ್ಲೇ ಅತ್ಯಂತ ಹಳೆಯದಾದ ‘ಪಫಿಂಗ್ ಬಿಲ್ಲಿ’ಯ ಮುಂದೆ ತಾವಾಗಿಯೇ ನಿಲ್ಲುತ್ತಾರೆ; ಚಂದ್ರನನ್ನು ಸುತ್ತಿ ಬಂದ ಅಪೊಲೊ 10ರ ನೌಕೆಯೂ ಅಲ್ಲಿಯೇ ಇದೆ. ವಿಶೇಷ ಪ್ರದರ್ಶನಗಳಿಗೂ, ಸೈನ್ಸ್ ಮ್ಯೂಸಿಯಮ್ಮಿನಲ್ಲಿ ಮಕ್ಕಳು ಕೈಯಾರೆ ಪ್ರಯೋಗ ಮಾಡಿ ನೋಡುವ ‘ವಂಡರ್‌ಲ್ಯಾಬ್’ಗೂ ಹಣ ಕೊಡಬೇಕು; ಮೊದಲ ವರ್ಷ ಅವು ಬೇಡ. ರಜೆಯಲ್ಲಿ ನೂಕುನುಗ್ಗಲು ಹೆಚ್ಚಿರುವುದರಿಂದ ಪ್ರವೇಶದ ಸಮಯವನ್ನು ಅಂತರ್ಜಾಲದಲ್ಲಿ ಮೊದಲೇ ಕಾದಿರಿಸಿ. ಚಿತ್ರಾನ್ನ, ಮೊಸರನ್ನದ ಡಬ್ಬಿಗಳನ್ನು ಸಂಕೋಚವಿಲ್ಲದೆ ಒಯ್ಯಿರಿ, ಅಲ್ಲಿನವರೂ ಬುತ್ತಿ ಕಟ್ಟಿಕೊಂಡೇ ಬರುತ್ತಾರೆ. ಸೆಕೆಯ ದಿನವಾದರೆ ಕಿಂಗ್ಸ್ ಕ್ರಾಸ್ ನಿಲ್ದಾಣದ ಹಿಂದಿರುವ ಗ್ರ್ಯಾನರಿ ಸ್ಕ್ವೇರಿನ ಕಾರಂಜಿಗಳಲ್ಲಿ ಮಕ್ಕಳನ್ನು ನೆನೆಯಲು ಬಿಡಬಹುದು; ಒಣ ಬಟ್ಟೆಯನ್ನು ಮರೆಯಬೇಡಿ.

ಮಳೆ ಆಗಸ್ಟಿನಲ್ಲಿಯೂ ಬರುತ್ತದೆ. ಸೂಟ್‌ಕೇಸಿನಲ್ಲಿ ಚೌಕಾಬಾರದ ಹಾಸೊಂದನ್ನೂ ನಾಲ್ಕು ಕವಡೆಗಳನ್ನೂ ಇಟ್ಟುಕೊಳ್ಳಿ. ತೂಕವಿಲ್ಲ, ಮೈಸೂರಿನಲ್ಲಿ ಸುಲಭವಾಗಿ ಸಿಗುತ್ತದೆ.

ಇನ್ನು ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವಂತಾದರೆ ನಿಜವಾದ ವೆಚ್ಚವಾಗುವುದು, ರಜೆಯಲ್ಲಿ ಹಣ ಪಡೆದು ಮಕ್ಕಳನ್ನು ಹಗಲು ನೋಡಿಕೊಳ್ಳುವ ‘ಹಾಲಿಡೇ ಕ್ಲಬ್’ಗಳಿಂದ. ಮಕ್ಕಳನ್ನು ಒಂಟಿಯಾಗಿ ಬಿಡಲು ಇಂತಿಷ್ಟು ವಯಸ್ಸಾಗಿರಬೇಕೆಂದು ಅಲ್ಲಿನ ಕಾನೂನು ಹೇಳುವುದಿಲ್ಲ. ಆದರೆ ಅಪಾಯವಾಗುವಂತೆ ಬಿಟ್ಟರೆ ಅದು ಅಪರಾಧ. ನಿಮ್ಮ ಮಕ್ಕಳ ವಯಸ್ಸಿನಲ್ಲಿ ಆ ಯೋಚನೆಯೇ ಬೇಡ. ಪೂರ್ಣಾವಧಿ ನೌಕರರಿಗೆ ಸಾರ್ವಜನಿಕ ರಜೆಗಳೂ ಸೇರಿ ವರ್ಷಕ್ಕೆ ಕನಿಷ್ಠ 28 ದಿನಗಳ ಸಂಬಳಸಹಿತ ರಜೆಯ ಹಕ್ಕಿದೆ. ಮುಂದಿನ ಬೇಸಿಗೆಯಿಂದ ಇಬ್ಬರೂ ಒಂದೇ ಸಲ ರಜೆ ಹಾಕದೆ, ಒಬ್ಬರಾದ ಮೇಲೆ ಒಬ್ಬರು ಹಾಕಿದರೆ ಆರು ವಾರಗಳಲ್ಲಿ ಬಹುಪಾಲು ದಾಟುತ್ತದೆ. ಆದರೆ ಸಹೋದ್ಯೋಗಿಗಳೂ ಮಕ್ಕಳಿರುವವರೇ ಆದ್ದರಿಂದ, ಆಗಸ್ಟಿನ ರಜೆಯ ಅರ್ಜಿಯನ್ನು ಜನವರಿಯಲ್ಲಿಯೇ ಕೊಟ್ಟುಬಿಡಿ.