ಸಂಪಾದಕರ ಉತ್ತರ: ಧಾರೆ ನೋಡಲೂ ದುಡ್ಡು ಕೊಡಬೇಕೇ?

ಶಿವಮೊಗ್ಗದ ಓದುಗರೊಬ್ಬರ ಪತ್ರ: "ತಂಗಿಯ ಮದುವೆಯ ಧಾರೆಯನ್ನು ಫೋನಿನಲ್ಲಿ ವಿಡಿಯೊ ಮಾಡಿದ್ದೆ. ಕಂಪ್ಯೂಟರಿಗೆ ಹಾಕಿದರೆ ವಾಲಗದ ಸದ್ದು ಮಾತ್ರ, ಪರದೆ ಪೂರ್ತಿ ಕಪ್ಪು. ಎಚ್‌ಇವಿಸಿ ಬೇಕು, ದುಡ್ಡು ಕಟ್ಟಿ ಎಂದಿತು. ಬಿಟ್ಟಿ ಫಾರ್ಮ್ಯಾಟ್ ಇರುವಾಗ ಇದೆಂಥ ವಸೂಲಿ?"

ಮೊದಲು ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ. ಅದು ಉಚಿತ, ಧಾರೆ ಕಾಣುತ್ತದೆ.

ಇನ್ನು ವಸೂಲಿಯ ಮಾತು. ಫೈಲು ಚಿಕ್ಕದಾಗಲೆಂದು ವಿಡಿಯೊ ಕುಗ್ಗಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ನಿಮ್ಮ ಫೋನ್ ಬಳಸಿದ ಎಚ್‌ಇವಿಸಿಯೂ ಅಂಥದ್ದೊಂದು. ಅದರೊಳಗಿನ ಉಪಾಯಗಳಿಗೆ ಪೇಟೆಂಟ್ ಇರುತ್ತದೆ. ಇದಕ್ಕೂ ಹಿಂದಿನ, 2003ರ ಎಚ್.264 ಕೋಡೆಕ್‌ಗೂ ಇತ್ತು. ಆದರೆ ಹೆಚ್ಚಿನವನ್ನು ಎಂಪೆಗ್ ಎಲ್‌ಎ ಎಂಬ ಸಂಸ್ಥೆ ಒಂದೇ ಕಡೆ ಗುಡ್ಡೆ ಹಾಕಿತ್ತು. ವರ್ಷಕ್ಕೆ ಮೊದಲ 1 ಲಕ್ಷ ಸಾಧನಗಳಿಗೆ ಏನೂ ಇಲ್ಲ, ಆಮೇಲೆ ತಲಾ 20 ಸೆಂಟ್. ಒಂದೇ ಗಲ್ಲಾ, ಗೊತ್ತಿರುವ ರೇಟು. ತಯಾರಕರು ಗೊಣಗುತ್ತಲೇ ಕಟ್ಟಿದರು. 2010ರಲ್ಲಿ ಗೂಗಲ್ ವಿಪಿ8 ಎಂಬ ಇನ್ನೊಂದು ಕೋಡೆಕ್ ಅನ್ನು ಬಿಟ್ಟಿಯಾಗಿ ಹಂಚಿತು. ಅದೇ ವರ್ಷ ಎಂಪೆಗ್ ಎಲ್‌ಎ, ಇಂಟರ್‌ನೆಟ್‌ನಲ್ಲಿ ಪುಕ್ಕಟೆ ತೋರಿಸುವ ವಿಡಿಯೊಗೆ ಎಂದೂ ಶುಲ್ಕವಿಲ್ಲ ಎಂದುಬಿಟ್ಟಿತು. ಜಾಣರು! ಕ್ರೋಮ್‌ನಿಂದ ಎಚ್.264 ತೆಗೆಯುತ್ತೇವೆ ಎಂದಿದ್ದ ಗೂಗಲ್ ಕೊನೆಗೂ ತೆಗೆಯಲಿಲ್ಲ.

2013ರಲ್ಲಿ ಬಂದ ಎಚ್‌ಇವಿಸಿ ಹೆಚ್ಚುಕಮ್ಮಿ ಅರ್ಧ ಡೇಟಾದಲ್ಲಿ ಅದೇ ಚಿತ್ರ ಕೊಡುತ್ತದೆ. ಗಲ್ಲಾ ಮಾತ್ರ ಮೂರಾದವು: ಎಂಪೆಗ್ ಎಲ್‌ಎ, ಎಚ್‌ಇವಿಸಿ ಅಡ್ವಾನ್ಸ್, ವೆಲೋಸ್ ಮೀಡಿಯಾ. ಮೂರಕ್ಕೂ ಸೇರದ ಪೇಟೆಂಟ್‌ದಾರರು ಬೇರೆ. 2015ರ ಜುಲೈನಲ್ಲಿ ಅಡ್ವಾನ್ಸ್‌ನವರು ವಿಡಿಯೊ ಕಂಪನಿಗಳ ಆದಾಯದಲ್ಲೇ ಶೇ 0.5 ಪಾಲು ಕೇಳಿದರು. ಅತಿಯಾಯಿತು ಅಲ್ವಾ? ಆಮೇಲೆ ಅವರೇ ಹಿಂದೆ ಸರಿದರು, ಆದರೆ ತಡವಾಗಿತ್ತು. ಸೆಪ್ಟೆಂಬರಿನಲ್ಲೇ ಗೂಗಲ್, ಅಮೆಜಾನ್, ನೆಟ್‌ಫ್ಲಿಕ್ಸ್, ಮೈಕ್ರೊಸಾಫ್ಟ್ ಮೊದಲಾದವು ಅಲಯನ್ಸ್ ಫಾರ್ ಓಪನ್ ಮೀಡಿಯಾ ಕಟ್ಟಿಕೊಂಡವು. 2018ರ ಮಾರ್ಚಿನಲ್ಲಿ ಅವರ ಬಿಟ್ಟಿ ಕೋಡೆಕ್ ಎವಿ1 ಬಂತು.

ಹಾಗಂತ ಇದೇನು ಅನ್ನದಾಸೋಹವಲ್ಲ. ದಿನವಿಡೀ ವಿಡಿಯೊ ಹರಿಸುವವರಿಗೆ ಕಪ್ಪ ಕಟ್ಟುವುದಕ್ಕಿಂತ ಸ್ವಂತ ಕೋಡೆಕ್ ಅಗ್ಗ, ಅಷ್ಟೇ. ಸಾಲದ್ದಕ್ಕೆ ಸಿಸ್ವೆಲ್ ಎಂಬ ಕಂಪನಿ, ಎವಿ1ರಲ್ಲೂ ತನ್ನ ಕಡೆಯವರ ಪೇಟೆಂಟ್ ಇದೆ ಎಂದು ಶುಲ್ಕದ ಪಟ್ಟಿ ಹಿಡಿದು ನಿಂತಿದೆ.

ಮತ್ತೆ ನಿಮ್ಮ ಫೋನ್ ಎವಿ1 ಯಾಕೆ ಬಳಸಲಿಲ್ಲ? ಚಿತ್ರ ಕುಗ್ಗಿಸಲು ಚಿಪ್‌ನಲ್ಲೇ ಅದಕ್ಕೆಂದು ಮೀಸಲಾದ ಭಾಗ ಬೇಕು. ಅದಿಲ್ಲದೆ ಸಾಫ್ಟ್‌ವೇರ್‌ನಲ್ಲೇ ಮಾಡಲು ಹೋದರೆ ಫೋನ್ ದೋಸೆ ಕಾವಲಿಯಾಗುತ್ತದೆ. ಆಪಲ್ 2018ರಲ್ಲೇ ಅಲಯನ್ಸ್ ಕೂಟ ಸೇರಿತು. ಆದರೂ ಐಫೋನ್ ಚಿಪ್‌ಗೆ ಎವಿ1 ಬಂದದ್ದು 2023ರ 15 ಪ್ರೊನಲ್ಲಿ. ಅದೂ ನೋಡುವುದಕ್ಕೆ ಮಾತ್ರ, ಚಿತ್ರಿಸುವುದಕ್ಕಲ್ಲ.

ತಂಗಿಯ ಸೀಮಂತದ ಹೊತ್ತಿಗೆ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಎಚ್.264 ಆರಿಸಿಕೊಳ್ಳಿ. ಫೈಲು ದಪ್ಪ ಆಗುತ್ತದೆ, ಸ್ವಲ್ಪ ಜಾಗ ಖಾಲಿ ಮಾಡಿಟ್ಟಿರಿ.

– ಸಂ.